ಭುವನಾಳ ಹತ್ತು, ಕಾಲೇಜಿನ ಇಪ್ಪತ್ತು

ನಾನು ಬೇಡಿದ್ದು ಇನ್ನೊಂದು ಸೂಕ್ಷ್ಮದರ್ಶಕ. ನಾಲ್ಕು ವರ್ಷದಲ್ಲಿ ಹನ್ನೊಂದು ಪತ್ರ ಬರೆದೆ. ಐದನೆಯ ವರ್ಷ ಮೇಲಿನವರಿಗೆ ಕನಿಕರ ಹುಟ್ಟಿ ನಮ್ಮ ಭೌತಶಾಸ್ತ್ರ ವಿಭಾಗಕ್ಕೆ ಆಳೆತ್ತರದ ಪೆಟ್ಟಿಗೆಯೊಂದು ಬಂತು. ಒಡೆದು ನೋಡಿದರೆ ಒಳಗೆ ಎರಡು ಕೈ, ಎರಡು ಕಾಲು, ಒಂದು ನಗುಮುಖ.

ಅದರ ಹೆಸರು ಮಾರ್ಗದರ್ಶಿ. ನನ್ನ ಭುಜದಷ್ಟು ಎತ್ತರದ ಮನುಷ್ಯಾಕಾರದ ರೋಬೊ. 'ಪ್ರತಿಯೊಬ್ಬರಿಗೂ ಅವರದೇ ವೇಗ, ಅವರದೇ ದಾರಿ, ಅವರದೇ ಗುರು' ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಅಂತಿಮ ವರ್ಷದಲ್ಲಿ ಅರವತ್ತು ವಿದ್ಯಾರ್ಥಿಗಳಿದ್ದರು, ಅವರಿಗೆಲ್ಲ ಕಳಿಸಿದ್ದು ಒಂದೇ ಒಂದು. ಮಕ್ಕಳು ಪರದೆ ನೋಡುವುದಕ್ಕಿಂತ ಮುಖ ನೋಡಿದರೆ ಬೇಗ ಕಲಿಯುತ್ತಾರೆ, ಅದಕ್ಕೇ ಮುಖ ಕೊಟ್ಟಿದ್ದೇವೆ ಎಂದು ತರಬೇತಿಯಲ್ಲಿ ಕಂಪನಿಯವರು ವಿವರಿಸಿದರು. "ಮುಖ ನಮಗೂ ಐತಲ್ರೀ" ಎಂದೆ. ಎಲ್ಲರೂ ನಕ್ಕರು. ನಾನು ನಗಿಸಲೆಂದು ಹೇಳಿರಲಿಲ್ಲ.

ನಮ್ಮ ಪ್ರಯೋಗಾಲಯದ ಹೊಸ್ತಿಲು ನಾಲ್ಕು ಅಂಗುಲ ಎತ್ತರ. ಮಾರ್ಗದರ್ಶಿಯ ಕಾಲು ಮೂರು ಅಂಗುಲಕ್ಕಿಂತ ಮೇಲೇಳುವುದಿಲ್ಲ. ಹೀಗಾಗಿ ದಿನಾ ಬೆಳಿಗ್ಗೆ ನಾನೂ ಅಟೆಂಡರ್ ಯಮನಪ್ಪನೂ ಆಚೀಚೆ ರಟ್ಟೆ ಹಿಡಿದು ಅದನ್ನು ಒಳಗೆ ದಾಟಿಸಬೇಕು. "ಬಾರೋ ಮಾರ್ಗಪ್ಪ, ಬಲಗಾಲಿಟ್ಟು ಬಾ" ಎಂದು ಯಮನಪ್ಪ ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಹಾಗೆ ಕರೆಯುತ್ತಿದ್ದ. ಆ ಯಂತ್ರ ಪ್ರತಿದಿನ ಅವನಿಗೆ ಧನ್ಯವಾದ ಹೇಳುತ್ತಿತ್ತು. ನನ್ನ ಸೊಂಟ ಹಿಡಿದುಕೊಂಡದ್ದನ್ನು ಕೇಳುವವರು ಯಾರೂ ಇರಲಿಲ್ಲ.

ಅದು ಕೆಲಸ ಮಾಡುವ ರೀತಿ ಸರಳ. ವಿದ್ಯಾರ್ಥಿಯ ಎದುರು ಕೂತು ಪ್ರಶ್ನೆ ಕೇಳುತ್ತದೆ. ಉತ್ತರವನ್ನಷ್ಟೇ ಅಲ್ಲ, ಹುಬ್ಬು ಗಂಟಿಕ್ಕುವುದನ್ನು, ಪೆನ್ನು ತಡವರಿಸುವುದನ್ನು ಕೂಡ ಗಮನಿಸಿ, ಎಲ್ಲಿ ತಿಳಿದಿಲ್ಲವೋ ಅಲ್ಲಿಂದಲೇ ಹೊಸದಾಗಿ ಪಾಠ ಕಟ್ಟುತ್ತದೆ. ಪ್ರತಿಯೊಬ್ಬರನ್ನೂ ಒಂದು, ಎರಡು, ಮೂರು ಎಂಬ ಮಟ್ಟಗಳಲ್ಲಿ ಇಡುತ್ತದೆ. ಎರಡನೆಯ ಮಟ್ಟ ದಾಟದವರಿಗೆ ಪ್ರಾಯೋಗಿಕ ಪರೀಕ್ಷೆಯ ಹಾಲ್ ಟಿಕೆಟ್ ಬರುವುದಿಲ್ಲ. ಈ ಕೊನೆಯ ನಿಯಮ ಯಂತ್ರದ್ದಲ್ಲ, ನಮ್ಮವರೇ ಮೇಲೆ ಕೂತು ಸೇರಿಸಿದ್ದು.

ಇನ್ನೊಂದು ಸೌಲಭ್ಯವೂ ಇತ್ತು, ಅದರ ಹೆಸರು ಸ್ಥಳೀಯ ಹೊಂದಾಣಿಕೆ. ಆಯಾ ಕಾಲೇಜಿನ ಉಪಕರಣ, ಅಲ್ಲಿನ ಮಕ್ಕಳ ರೂಢಿ ಅದಕ್ಕೆ ತಿಳಿಯಲಿ ಎಂದು ಹಳೆಯ ಜರ್ನಲ್‌ಗಳನ್ನೆಲ್ಲ ಅದರ ಕಣ್ಣಿಗೆ ಹಿಡಿಯಬೇಕು. ಜರ್ನಲ್ ಅಂದರೆ ಪ್ರಯೋಗ ಮಾಡಿ, ಅಳತೆ ಬರೆದು, ಮೇಷ್ಟ್ರ ಸಹಿ ಹಾಕಿಸಿಕೊಂಡ ಪುಸ್ತಕ. ಯಮನಪ್ಪ ಇಪ್ಪತ್ತೆರಡು ವರ್ಷದ ಜರ್ನಲ್‌ಗಳನ್ನು ರದ್ದಿಗೆ ಹಾಕದೆ ಕಪಾಟಿನಲ್ಲಿ ಒಟ್ಟಿದ್ದ. ಸಾವಿರದ ನೂರಾ ನಲವತ್ತು ಪುಸ್ತಕ. ಒಂದು ವಾರ ನಾವಿಬ್ಬರೂ ಧೂಳು ಕುಡಿದು ಪುಟ ತಿರುವಿದೆವು. ಮಾರ್ಗದರ್ಶಿ ಪ್ರತಿ ಪುಟವನ್ನೂ ಶ್ರದ್ಧೆಯಿಂದ ನೋಡಿ ತಲೆಯಾಡಿಸಿತು.

ಆ ಪುಸ್ತಕಗಳನ್ನು ಹೇಗೆ ಬರೆಯುತ್ತಾರೆಂದು ಅದಕ್ಕೆ ಯಾರೂ ಹೇಳಲಿಲ್ಲ. ನನಗೂ ಹೊಳೆಯಲಿಲ್ಲ. ನಮ್ಮಲ್ಲಿ ಮೊದಲು ಸೀನಿಯರ್‌ನ ಜರ್ನಲ್ ಇಸಿದುಕೊಳ್ಳುತ್ತಾರೆ. ಕೊನೆಯ ಪುಟದ ಉತ್ತರ ನೋಡುತ್ತಾರೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಅಳತೆಗಳನ್ನು ತುಂಬುತ್ತಾರೆ, ನಂಬಿಕೆ ಬರಲೆಂದು ದಶಾಂಶದಲ್ಲಿ ಅಷ್ಟಿಷ್ಟು ಹೆಚ್ಚುಕಡಿಮೆ ಮಾಡುತ್ತಾರೆ. ಇದನ್ನು ಯಾರೂ ಕಳ್ಳತನ ಅಂದುಕೊಳ್ಳುವುದಿಲ್ಲ. ಇದಕ್ಕೆ ಜರ್ನಲ್ ಕಂಪ್ಲೀಟ್ ಮಾಡುವುದು ಎನ್ನುತ್ತಾರೆ.

ಹೀಗಿರುವಾಗ ಭುವನಾ ಚಿಲ್ಲಾಳ ಎಂಬ ಹುಡುಗಿ ಒಂದು ಮಂಗಳವಾರ ನಿಜವಾಗಿಯೂ ಅಳತೆ ತೆಗೆದುಬಿಟ್ಟಳು.

ಪ್ರಯೋಗ ಇಷ್ಟೆ. ಒಂದು ಲೋಹದ ಪಟ್ಟಿಯನ್ನು ಎರಡು ಚೂರಿ ಅಂಚುಗಳ ಮೇಲೆ ಇಟ್ಟು, ಎರಡೂ ತುದಿಗೆ ತೂಕ ನೇತುಹಾಕುವುದು. ತುದಿ ಜಗ್ಗಿದಂತೆ ನಡು ತುಸು ಮೇಲಕ್ಕೆ ಬಾಗುತ್ತದೆ. ಎಷ್ಟು ಬಾಗಿತೆಂದು ಸೂಕ್ಷ್ಮದರ್ಶಕದಲ್ಲಿ ಅಳೆದರೆ ಆ ಲೋಹದ ಬಿಗುವು ಎಷ್ಟೆಂದು ಲೆಕ್ಕ ಸಿಗುತ್ತದೆ. ಬೂದು ಬಣ್ಣ ಬಳಿದ ನಮ್ಮ ಪಟ್ಟಿಗೆ 'ಉಕ್ಕು' ಎಂಬ ಚೀಟಿ ಅಂಟಿಸಿದೆ. ಉಕ್ಕಿಗೆ ಬರಬೇಕಾದ್ದು ಇಪ್ಪತ್ತು. ಅದರ ಮುಂದಿನ ಸೊನ್ನೆಗಳ ಗೋಜು ಇಲ್ಲಿ ಬೇಡ. ಇಪ್ಪತ್ತೆರಡು ವರ್ಷದಿಂದ ಎಲ್ಲರಿಗೂ ಇಪ್ಪತ್ತರ ಆಸುಪಾಸಿನಲ್ಲೇ ಬಂದಿದೆ. ಭುವನಾಳಿಗೆ ಹತ್ತು ಬಂತು.

ಮಾರ್ಗದರ್ಶಿ ಅವಳ ಪುಸ್ತಕ ನೋಡಿತು. ತಲೆ ಓರೆ ಮಾಡಿತು.

"ಭುವನಾ, ನಾವು ಸ್ವಲ್ಪ ಹಿಂದಕ್ಕೆ ಹೋಗೋಣವೇ?"

ಅದರ ಸಿಟ್ಟಿಲ್ಲದ ಆ ದನಿಯೇ ನನಗೆ ಸಿಟ್ಟು ತರಿಸುತ್ತಿತ್ತು. ಅವಳನ್ನು ಮೂರನೆಯ ಮಟ್ಟದಿಂದ ಎರಡಕ್ಕೆ ಇಳಿಸಿ, ಸೂಕ್ಷ್ಮದರ್ಶಕ ಓದುವುದು ಹೇಗೆ ಎಂಬ ಪಾಠ ಕೊಟ್ಟಿತು. ಅವಳು ಎಲ್ಲಕ್ಕೂ ಸರಿ ಉತ್ತರ ಹೇಳಿ ಮತ್ತೆ ಪ್ರಯೋಗ ಮಾಡಿದಳು. ಮತ್ತೆ ಹತ್ತು. ಒಂದನೆಯ ಮಟ್ಟಕ್ಕೆ ಇಳಿಸಿ ದಶಾಂಶದ ಪಾಠ ಕೊಟ್ಟಿತು. ಮತ್ತೆ ಹತ್ತು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಬಿ.ಎಸ್ಸಿ. ಕೊನೆಯ ವರ್ಷದ, ತರಗತಿಗೇ ಮೊದಲಿಗಳಾದ ಹುಡುಗಿ ರೋಬೊದ ಎದುರು ಕೂತು ಹದಿಮೂರರ ಮಗ್ಗಿ ಹೇಳುತ್ತಿದ್ದಳು. ಪ್ರತಿ ಸಾಲಿಗೂ ಅದು "ತುಂಬಾ ಚೆನ್ನಾಗಿದೆ" ಎನ್ನುತ್ತಿತ್ತು. ಹಿಂದಿನ ಬೆಂಚಿನವರು ಮುಸಿಮುಸಿ ನಗುತ್ತಿದ್ದರು. ಅವರೆಲ್ಲರ ಜರ್ನಲ್‌ನಲ್ಲೂ ಇಪ್ಪತ್ತು ಇತ್ತು, ಅವರೆಲ್ಲ ಮೂರನೆಯ ಮಟ್ಟದಲ್ಲಿದ್ದರು.

ಹಾಲ್ ಟಿಕೆಟ್‌ಗೆ ಶನಿವಾರ ಸಂಜೆ ಐದು ಗಂಟೆ ಕೊನೆ. ಭುವನಾಳಿಗೆ ಧಾರವಾಡದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು, ಈ ಸಲವೇ ಪಾಸಾಗಬೇಕೆಂಬ ಷರತ್ತಿನ ಮೇಲೆ. ಪರೀಕ್ಷೆ ತಪ್ಪಿದರೆ ವರ್ಷವೂ ಹೋಯಿತು, ಸೀಟೂ ಹೋಯಿತು.

ಮಾರ್ಗದರ್ಶಿಯ ಉಸ್ತುವಾರಿ ಅಧಿಕಾರಿ ನಾನೇ. ಬೇರೆ ಯಾರೂ ಒಪ್ಪದ ಕೆಲಸಗಳೆಲ್ಲ ನನಗೇ ಬರುತ್ತವೆ. ಹಳೆಯ ಕ್ರೀಡಾ ಸಾಮಗ್ರಿ ಕೋಣೆಯಲ್ಲಿ ಅದರ ನಿಯಂತ್ರಣ ಫಲಕವಿತ್ತು. ಒಂದು ದೊಡ್ಡ ಪರದೆ, ಅದರ ಹಿಂದೆ ಗಾಳಿ ಹೋದ ವಾಲಿಬಾಲ್‌ಗಳು. ಪರದೆಯ ಮೇಲೆ ಐವತ್ತೊಂಬತ್ತು ಹಸಿರು ಚುಕ್ಕೆ, ಒಂದು ಕೆಂಪು. ಕಂಪನಿಗೆ ಫೋನ್ ಮಾಡಿದೆ. ಇಪ್ಪತ್ತೈದು ನಿಮಿಷ ಸಂಗೀತ ಕೇಳಿಸಿದ ಮೇಲೆ ಬೆಂಗಳೂರಿನ ಒಬ್ಬ ಯುವಕ ಬಂದ.

"ಸಾರ್, ಸಿಸ್ಟಮ್ ಸರಿಯಾಗೇ ಇದೆ. ನಿಮ್ ಕಾಲೇಜಲ್ಲಿ ಸಾವಿರದ ಚಿಲ್ಲರೆ ಜನಕ್ಕೆ ಇಪ್ಪತ್ತು ಬಂದಿದೆ, ಈ ಹುಡುಗಿ ಒಬ್ಳಿಗೇ ಹತ್ತು. ಯಾರ್ದು ತಪ್ಪು ಅಂತೀರಾ?"

"ಆಕಿ ಜಾಣ ಹುಡುಗಿ ರೀ."

"ಇರ್ಬೋದು ಸಾರ್. ಆದ್ರೆ ಯಂತ್ರ ನಮ್ದು, ಡೇಟಾ ನಿಮ್ದು."

ಫೋನ್ ಇಟ್ಟ. ನಾನು ಒಂದು ವಾಲಿಬಾಲನ್ನು ಒದ್ದೆ. ಗಾಳಿಯಿಲ್ಲದ್ದರಿಂದ ಅದೂ ಎಲ್ಲಿಗೂ ಹೋಗಲಿಲ್ಲ.

ಗುರುವಾರ ಭುವನಾಳನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಹೇಳಿದೆ. ನಾಚಿಕೆಯಾಗುತ್ತದೆ, ಆದರೂ ಹೇಳಿದ್ದನ್ನು ಬರೆಯುತ್ತೇನೆ.

"ನೋಡವಾ, ಇಪ್ಪತ್ತು ಅಂತ ಬರದುಬಿಡು. ಆ ಸುಡುಗಾಡು ಯಂತ್ರದ ಬಾಯಿ ಮುಚ್ಚತೈತಿ. ನಾ ಸಹಿ ಮಾಡ್ತೀನಿ."

"ಬಂದಿಲ್ಲಲ್ರೀ ಸರ."

"ಯಾರಿಗೆ ಬಂದೈತಿ? ಎಲ್ಲಾರೂ ಬರದಾರಿಲ್ಲೇನು?"

ಬಾಯಿತಪ್ಪಿ ಬಂದ ಮಾತು. ಅವಳು ನನ್ನ ಮುಖವನ್ನೇ ನೋಡಿದಳು. "ಮೂರ ದಿನದಾಗ ಒಂಬತ್ತ ಸಲ ಮಾಡೀನ್ರೀ ಸರ. ಒಂಬತ್ತ ಸಲಾನೂ ಹತ್ತರ ಹತ್ರನ ಬಂತು. ಈಗ ಇಪ್ಪತ್ತ ಬರದ್ರ, ನನ್ನ ಕಣ್ಣ ನಾನ ಸುಳ್ಳ ಅಂದಂಗ ಆಗತೈತ್ರೀ."

"ಹಂಗಾರ ಮಗ್ಗಿ ಹೇಳ್ಕೋತ ಕೂಡು" ಎಂದು ರೇಗಿ ಹೊರಟೆ. ಹತ್ತು ಎಂಬ ಅಂಕಿಯನ್ನು ನಾನು ಬೇರೆಲ್ಲೋ ಓದಿದ್ದೇನೆ ಎಂದು ಆ ಕ್ಷಣ ಹೊಳೆಯಬೇಕಿತ್ತು. ಹನ್ನೊಂದು ವರ್ಷದಿಂದ ಇದೇ ಪಾಠ ಮಾಡುತ್ತಿರುವವನಿಗೆ ಹೊಳೆಯಲಿಲ್ಲ.

ಅಂದೇ ಸಂಜೆ ಹೆಂಡತಿಯ ಜಂಪರು ತರಲು ನೀಲವ್ವನ ಮನೆಗೆ ಹೋಗಬೇಕಾಯಿತು. ನೀಲವ್ವ ಭುವನಾಳ ತಾಯಿ. ನೇಕಾರ ಓಣಿಯಲ್ಲಿ ಅವಳ ಕೈಯ ಹೊಲಿಗೆಗೆ ಹೆಸರಿದೆ. ಇನ್ನೊಂದು ದಿನ ಹೋಗುತ್ತೇನೆ ಎಂದರೆ ಹೆಂಡತಿ ಕೇಳಲಿಲ್ಲ, ಮರುದಿನವೇ ಮದುವೆಯಿತ್ತು.

ಪಡಸಾಲೆಯ ಒಂದು ಬದಿಗೆ ಹೊಲಿಗೆ ಯಂತ್ರ, ಇನ್ನೊಂದು ಬದಿಗೆ ಗೋಡೆಗೆ ಒರಗಿಸಿದ ಫೋನು. ಫೋನಿನೊಳಗೆ ಮಾರ್ಗದರ್ಶಿಯ ನಗುಮುಖ. ಅದು ಮನೆಗೂ ಬರುತ್ತದೆಂದು ನನಗೆ ಗೊತ್ತಿತ್ತು, ನೋಡಿರಲಿಲ್ಲ. ಭುವನಾ ಅದರ ಎದುರು ಚಕ್ಕಳಬಕ್ಕಳ ಹಾಕಿ ಕೂತು ಭಾಗಾಕಾರ ಮಾಡುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

ನೀಲವ್ವ ಕುರ್ಚಿ ಹಾಕಿದಳು. "ಸರ್ರ, ನಿಮ್ಮ ಮಷೀನ ನನಗ ಸುದ್ದಿ ಕಳಸೈತ್ರೀ. ನಿಮ್ಮ ಮಗಳು ನಿಧಾನ ಕಲಿಯುವವಳು, ಬೈಬೇಡಿ, ಪ್ರೀತಿಯಿಂದ ನೋಡಿಕೊಳ್ಳಿ ಅಂತ. ಇಪ್ಪತ್ತ ವರ್ಷ ನಾ ಹೆಂಗ ನೋಡ್ಕೊಂಡೀನಿ ಅಂತ ಅದಕ್ಕೇನ ಗೊತ್ತ್ರೀ?"

"ಅದು ಎಲ್ಲಾರಿಗೂ ಹಂಗ ಬರೀತೈತ್ರೀ, ನೀಲವ್ವಾರ. ಮನಸಿಗೆ ಹಚ್ಕೋಬ್ಯಾಡ್ರಿ."

"ಮನಸಿಗೆ ಹಚ್ಕೊಂಡಿಲ್ರೀ. ಒಂದ ಮಾತ ಕೇಳ್ತೀನಿ. ನಾ ಒಬ್ಬಾಕಿ ಅಳತಿ ತಗೀತೀನಿ, ಮೂವತ್ತೆರಡ ಬರ್ತೈತಿ. ಆಕಿ ಹೋದ ವರ್ಷ ಇಪ್ಪತ್ತೆಂಟಿತ್ತು ಅಂತಾಳ. ನಾ ಮತ್ತೊಮ್ಮೆ ಅಳೀತೀನಿ. ಮತ್ತ ಮೂವತ್ತೆರಡ ಬಂದ್ರ ಟೇಪಿಗೆ ಬೈತೀನೇನ್ರೀ? ಮೈ ನೋಡ್ತೀನಿ. ನೀವು ಆ ಪಟ್ಟಿ ನೋಡೀರೇನು?"

"ಪಟ್ಟಿ ಮ್ಯಾಲೆ ಉಕ್ಕು ಅಂತ ಬರದೈತ್ರೀ."

"ಬರದಿದ್ದಲ್ರೀ ಸರ್ರ. ನೋಡೀರೇನು ಅಂದೆ."

ಅಷ್ಟರಲ್ಲಿ ಅವಳ ಕೈತಾಗಿ ಗುಂಡುಸೂಜಿ ಡಬ್ಬಿ ಕೆಳಗೆ ಬಿತ್ತು. ನೀಲವ್ವ ಗೊಣಗುತ್ತ, ಹೊಲಿಗೆ ಯಂತ್ರದ ಕಾಲಿಗೆ ಅಂಟಿಕೊಂಡಿದ್ದ ಕರಿ ಬಿಲ್ಲೆಯೊಂದನ್ನು ಕಿತ್ತು ನೆಲದ ಮೇಲೆ ಆಡಿಸಿದಳು. ಸೂಜಿಗಳೆಲ್ಲ ಅದಕ್ಕೆ ಮೆತ್ತಿಕೊಂಡವು. ಹಳೆಯ ರೇಡಿಯೋದ ಸ್ಪೀಕರಿನಿಂದ ತೆಗೆದ ಅಯಸ್ಕಾಂತ ಅದು. ಸೂಜಿಗಳ ಜೊತೆ ಬಿದ್ದ ಎರಡೇ ಎರಡು ಗುಂಡಿ, ಹಿತ್ತಾಳೆಯವು, ನೆಲದ ಮೇಲೆ ಹಾಗೇ ಉಳಿದವು.

ಭುವನಾ ಆ ಗುಂಡಿಗಳನ್ನು ನೋಡಿದಳು. ನಾನೂ ನೋಡಿದೆ. ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು ಎಂದು ಬರೆದರೆ ನನಗೆ ಗೌರವ. ನಿಜವಾಗಿ ಅವಳಿಗೆ ಮೊದಲು ಹೊಳೆಯಿತು.

"ಯವ್ವಾ, ನಾಳೆ ಇದನ್ನ ಕಾಲೇಜಿಗೆ ಒಯ್ಲೇನು?" ಎಂದಳು.

ಶುಕ್ರವಾರ ಬೆಳಿಗ್ಗೆ ಮಾರ್ಗದರ್ಶಿಯನ್ನು ಹೊಸ್ತಿಲು ದಾಟಿಸಿದ ಮೇಲೆ ಭುವನಾ ಆ ಬಿಲ್ಲೆಯನ್ನು ಪಟ್ಟಿಯ ಮೇಲೆ ಇಟ್ಟು ಪಟ್ಟಿಯನ್ನು ಓರೆ ಮಾಡಿದಳು. ಬಿಲ್ಲೆ ಜಾರಿ ಮೇಜಿನ ಮೇಲೆ ಬಿತ್ತು. ಬೂದು ಬಣ್ಣದ ಇನ್ನೊಂದು ಪಟ್ಟಿ, 'ಹಿತ್ತಾಳೆ' ಎಂಬ ಚೀಟಿಯದು, ವರ್ಷಾನುಗಟ್ಟಲೆ ಕಿಟಕಿ ಬಡಿಯದಂತೆ ಆನಿಸಿಡಲು ಬಳಕೆಯಾಗುತ್ತಿತ್ತು. ಅದರ ಹತ್ತಿರ ಒಯ್ದಳು. ಬಿಲ್ಲೆ ಟಕ್ಕನೆ ಹಿಡಿದುಕೊಂಡಿತು.

ನಾನು ಬ್ಲೇಡಿನಿಂದ ಮೊದಲನೆಯ ಪಟ್ಟಿಯ ಅಂಚು ಕೆರೆದೆ. ಬೂದು ಬಣ್ಣದ ಕೆಳಗೆ ಹಳದಿ ಹೊಳೆಯಿತು. ಹಿತ್ತಾಳೆ. ಹಿತ್ತಾಳೆಗೆ ಬರಬೇಕಾದ್ದು ಹತ್ತು.

"ಯಮನಪ್ಪಣ್ಣ, ಯಾವಾಗ ಅದಲುಬದಲಾತು ಇದು?"

ಯಮನಪ್ಪ ತಲೆ ಕೆರೆದುಕೊಂಡ. "ತಪಾಸಣಾ ತಂಡ ಬಂದಿತ್ತಲ್ರೀ ಸರ, ಇಪ್ಪತ್ತೆರಡ ವರ್ಷದ ಹಿಂದ. ಕಪಾಟಿಂದ ಹಿಡದು ಕಕ್ಕಸಿನ ಬಾಗಿಲ ತನಕ ಎಲ್ಲಾ ಒಂದ ಬಣ್ಣ ಹೊಡಸಿದ್ರು. ಕೊನೀ ವರ್ಷದ ಹುಡುಗರ ಹೊಡದಿದ್ರು. ಆಮ್ಯಾಲ ಚೀಟಿ ಹಚ್ಚಿದ್ರು." ಅವನು ನನ್ನ ಕಡೆ ನೋಡಿದ. "ಚೀಟಿ ಹಚ್ಚಿದಾವ್ರು ನೀವ ಅಲ್ಲೇನ್ರೀ ಸರ?"

ನಾನೇ. ಆಗ ನಾನೂ ಕೊನೆಯ ವರ್ಷದ ವಿದ್ಯಾರ್ಥಿ. ಇದೇ ಕಾಲೇಜು, ಇದೇ ಪ್ರಯೋಗಾಲಯ, ಕೈಯಲ್ಲಿ ಗೋಂದಿನ ಡಬ್ಬಿ. ತಂಡ ಹತ್ತು ಗಂಟೆಗೆ ಬರುವುದಿತ್ತು, ಒಂಬತ್ತೂವರೆಗೆ ನಾನು ಚೀಟಿ ಅಂಟಿಸುತ್ತಿದ್ದೆ.

ಪ್ರಾಚಾರ್ಯ ಬಿದರಿ ಅವರಿಗೆ ಹೇಳಿ ಕಳಿಸಿದೆ. ಅವರು ಬಂದು ಎರಡೂ ಪಟ್ಟಿ ನೋಡಿದರು, ಅಯಸ್ಕಾಂತ ನೋಡಿದರು, ಬಾಗಿಲು ಮುಂದೆ ಮಾಡಿ ನನ್ನ ಕಡೆ ತಿರುಗಿದರು.

"ಭಾಳ ಛಲೋ ಆತು. ಹೂಗಾರ ಸರ, ಕಿಟಕಿದು ತಗದು ಇಲ್ಲಿ ಇಡ್ರಿ, ಇದನ್ನ ಕಿಟಕಿಗೆ ಆನಿಸ್ರಿ. ಚೀಟಿ ಬದಲ ಮಾಡ್ರಿ. ಹುಡುಗಿ ಮತ್ತೊಮ್ಮೆ ಪ್ರಯೋಗ ಮಾಡ್ಲಿ, ಇಪ್ಪತ್ತ ಬರ್ತೈತಿ, ಹಾಲ್ ಟಿಕೆಟ್ ಬರ್ತೈತಿ. ಯಾರಿಗೂ ತ್ರಾಸಿಲ್ಲ."

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹತ್ತು ನಿಮಿಷದ ಕೆಲಸ. ಭುವನಾ ಪಾಸು, ನಾನು ಪಾರು. ಅವಳ ಕಡೆ ತಿರುಗಿದೆ.

"ಮಾಡ್ತೀನ್ರೀ ಸರ. ಇಪ್ಪತ್ತ ಬಂದ ಬರ್ತೈತಿ" ಎಂದಳು ಭುವನಾ. "ಆದ್ರ ಆ ಮಷೀನ, ಈಗ ನಿನಗೆ ತಿಳೀತು ನೋಡು, ಮೊದಲ ತಪ್ಪ ಮಾಡಿದ್ದಿ, ಅಂತೈತ್ರೀ. ನಮ್ಮವ್ವಗೂ ಹಂಗ ಸುದ್ದಿ ಕಳಸತೈತಿ. ನಾ ತಪ್ಪ ಮಾಡಿರಲಿಲ್ಲಲ್ರೀ."

ಬಿದರಿಯವರು ಗಡಿಯಾರ ನೋಡಿಕೊಂಡರು. ಅಷ್ಟರಲ್ಲಿ ಮೂಲೆಯಲ್ಲಿದ್ದ ಮಾರ್ಗದರ್ಶಿ ನಾಲ್ಕು ಹೆಜ್ಜೆ ಮುಂದೆ ಬಂತು. ನಾವು ಅದನ್ನು ಮರೆತೇಬಿಟ್ಟಿದ್ದೆವು.

"ಒಂದು ಸಂದೇಹ" ಎಂದಿತು. "ಈ ಪಟ್ಟಿ ಹಿತ್ತಾಳೆಯದಾದರೆ ಇದಕ್ಕೆ ಹತ್ತು ಬರಬೇಕು. ಭುವನಾಳಿಗೆ ಹತ್ತು ಬಂದಿದೆ. ಸಾವಿರದ ನೂರಾ ನಲವತ್ತು ಮಂದಿಗೆ ಇಪ್ಪತ್ತು ಹೇಗೆ ಬಂತು?"

ಯಮನಪ್ಪ ಕಿಟಕಿಯಾಚೆ ನೋಡತೊಡಗಿದ. ಬಿದರಿಯವರು ಕೆಮ್ಮಿದರು.

"ಹಿತ್ತಾಳಿಗೆ ಹತ್ತು ಅಂತ ನಿನಗ ಮೊದಲ ಗೊತ್ತಿರಲಿಲ್ಲೇನು?" ಎಂದು ನಾನು ಅದರ ಮೇಲೇ ಹರಿಹಾಯ್ದೆ. "ಆಕಿಗೆ ಮಗ್ಗಿ ಹೇಳಸೂ ಬದಲಿ ಪಟ್ಟಿ ನೋಡಾಕ ಏನಾಗಿತ್ತು ನಿನಗ?"

"ಗೊತ್ತಿತ್ತು. ಪಟ್ಟಿ ಬೇರೆಯದಿರಬಹುದೇ ಎಂದೂ ಯೋಚಿಸಿದೆ. ಆದರೆ ಅಷ್ಟು ಮಂದಿ ತಾವು ಕಾಣದ್ದನ್ನು ಬರೆಯುತ್ತಾರೆ ಎಂದು ಊಹಿಸಲು ನನ್ನಲ್ಲಿ ಕಾರಣವಿರಲಿಲ್ಲ. ಪ್ರತಿ ಪುಸ್ತಕದಲ್ಲೂ ಅಧ್ಯಾಪಕರ ಸಹಿ ಇತ್ತು."

ಮೂರು ತಿಂಗಳಿಂದ ಈ ಯಂತ್ರವನ್ನು ಬೈಯುತ್ತಲೇ ಇದ್ದೆ. ಹೊಸ್ತಿಲಿಗೆ ಬೈದೆ, ನಗುಮುಖಕ್ಕೆ ಬೈದೆ, ಕಂಪನಿಯವನ ಜನ್ಮ ಜಾಲಾಡಿದೆ. ಅದು ಮಾಡಿದ ತಪ್ಪು ಒಂದೇ, ನನ್ನ ಸಹಿಯನ್ನು ನಂಬಿದ್ದು. ಅವಮಾನವಾಯಿತು. ಅದರ ಜೊತೆಗೆ, ಯಾಕೆ ಸುಳ್ಳು ಹೇಳಲಿ, ಮತ್ತಷ್ಟು ಸಿಟ್ಟೂ ಬಂತು.

"ಯಾರೂ ಅಳದಿಲ್ಲ" ಎಂದೆ. "ಎಲ್ಲಾರೂ ನೋಡಿ ಬರದಾರ. ಹನ್ನೊಂದ ವರ್ಷ ನಾ ನೋಡದ ಸಹಿ ಮಾಡೀನಿ. ಇದನ್ನ ಹಂಗ ಬರಕೋ."

"ಹೂಗಾರ ಸರ!" ಎಂದರು ಬಿದರಿಯವರು.

"ಇರ್ಲಿ ಬಿಡ್ರಿ ಸರ. ಇದಕ್ಕ ಎಷ್ಟ ಸಲ ಉತ್ತರ ಕೊಡೂದು."

ಮಾರ್ಗದರ್ಶಿಯ ಕಣ್ಣಿನ ಬೆಳಕು ಮಂಕಾಗಿ ಮತ್ತೆ ಹೊತ್ತಿಕೊಂಡಿತು. ಆಮೇಲೆ ಭುವನಾಳ ಎದುರು ಹೋಗಿ ತಲೆ ಬಾಗಿಸಿತು. "ಭುವನಾ, ನಿನ್ನ ಅಳತೆ ಸರಿಯಿತ್ತು. ನಾನು ತಪ್ಪು ದಾರಿ ತೋರಿಸಿದೆ. ನಿನ್ನ ತಾಯಿಗೆ ಈಗಲೇ ತಿಳಿಸುತ್ತೇನೆ." ಭುವನಾ ಓಡಿಹೋಗಿ ಕಿಟಕಿಯ ಹತ್ತಿರ ನಿಂತು ಸೆರಗಿಲ್ಲದ್ದಕ್ಕೆ ತೋಳಿನಿಂದಲೇ ಕಣ್ಣೊರೆಸಿಕೊಂಡಳು.

ಅದು ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಯಂತ್ರಕ್ಕೆ ಎಲ್ಲಿ ನಿಲ್ಲಿಸಬೇಕೆಂದು ಯಾರೂ ಕಲಿಸಿರಲಿಲ್ಲ. ಕ್ರೀಡಾ ಸಾಮಗ್ರಿ ಕೋಣೆಯಲ್ಲಿ ಐವತ್ತೊಂಬತ್ತು ಹಸಿರು ಚುಕ್ಕೆಗಳು ಕೆಂಪಾದವು, ಒಂದು ಕೆಂಪು ಹಸಿರಾಯಿತು. ಐವತ್ತೊಂಬತ್ತು ಫೋನುಗಳಿಗೆ ಸುದ್ದಿ ಹೋಯಿತು. ಶನಿವಾರ ಐದರೊಳಗೆ ಸ್ವತಃ ಅಳತೆ ತೆಗೆದು ತೋರಿಸಿದವರಿಗೆ ಮಾತ್ರ ಹಾಲ್ ಟಿಕೆಟ್. ಸಹಾಯಕ ಬೋಧಕಿ, ಭುವನಾ ಚಿಲ್ಲಾಳ.

ಅರ್ಧ ಗಂಟೆಯಲ್ಲಿ ಪ್ರಯೋಗಾಲಯದ ಮುಂದೆ ಸಂತೆ ನೆರೆಯಿತು. ಮುಸಿಮುಸಿ ನಕ್ಕಿದ್ದವರೆಲ್ಲ "ಭುವನಾ, ಇದನ್ನ ಹೆಂಗ ಹಿಡಿಯೂದವಾ?" ಎನ್ನುತ್ತ ಸಾಲುಗಟ್ಟಿದರು. ಅರ್ಧಕ್ಕರ್ಧ ಮಂದಿಗೆ ಸೂಕ್ಷ್ಮದರ್ಶಕದ ಯಾವ ಬದಿಗೆ ಕಣ್ಣಿಡಬೇಕೆಂದು ಗೊತ್ತಿರಲಿಲ್ಲ. ಅಂತಿಮ ವರ್ಷ! ಅವರಿಗೆ ಮೂರು ವರ್ಷ ಪಾಠ ಮಾಡಿದವನು ನಾನು, ಯಾರನ್ನು ಬೈಯಲಿ? ಭುವನಾ ಒಬ್ಬೊಬ್ಬರನ್ನೂ ಕೂಡಿಸಿ, ಬೆರಳು ಹಿಡಿದು ತಿರುಪು ತಿರುಗಿಸಿ ತೋರಿಸಿದಳು. ಯಾರಿಗೂ ಮಗ್ಗಿ ಹೇಳಿಸಲಿಲ್ಲ.

ಶನಿವಾರ ನಾಲ್ಕೂವರೆಗೆ ಐವತ್ತೊಂಬತ್ತನೆಯವನು ಮುಗಿಸಿ ಎದ್ದ. ನಾನು ಉಸ್ಸೆಂದು ಕಿಟಕಿ ಮುಚ್ಚಲು ಹೋದೆ.

"ಇನ್ನೂ ಒಬ್ಬರು ಉಳಿದಿದ್ದಾರೆ" ಎಂದಿತು ಮಾರ್ಗದರ್ಶಿ. "ಹೂಗಾರ ವಿರೂಪಾಕ್ಷ, ರೋಲ್ ನಂಬರ್ ಮೂವತ್ತೇಳು, ಇಪ್ಪತ್ತೆರಡು ವರ್ಷದ ಹಿಂದಿನ ಜರ್ನಲ್. ಬರೆದ ಉತ್ತರ ಇಪ್ಪತ್ತು ಬಿಂದು ಒಂದು. ಮಟ್ಟ ಒಂದು. ಬನ್ನಿ, ನಾವು ಸ್ವಲ್ಪ ಹಿಂದಕ್ಕೆ ಹೋಗೋಣವೇ?"

ಯಮನಪ್ಪ ಬಾಯಿಗೆ ಟವೆಲ್ ಒತ್ತಿಕೊಂಡು ಹೊರಗೆ ಓಡಿದ. ಭುವನಾ ಸ್ಟೂಲು ಎಳೆದಿಟ್ಟಳು.

ಕೂತೆ. ತುದಿಗಳಿಗೆ ತೂಕ ಹಾಕಿದೆ. ಕಣ್ಣಿಟ್ಟರೆ ಎಲ್ಲ ಮಸುಕು. "ಉಸರ ಹಿಡೀರಿ ಸರ, ಮೇಜ ಅಳ್ಳಾಡತೈತಿ" ಎಂದಳು. ಉಸಿರು ಹಿಡಿದೆ. ಪಟ್ಟಿಯ ನಡುವೆ ಗುರುತಿಗೆಂದು ನಿಲ್ಲಿಸಿದ ಸೂಜಿಯ ತುದಿ ನಿಧಾನವಾಗಿ ತಿಳಿಯಾಯಿತು. ನಾನು ಹಾಕಿದ ತೂಕಕ್ಕೆ ಆ ಲೋಹ ನಿಜವಾಗಿಯೂ ಬಾಗುತ್ತಿತ್ತು, ಕೂದಲೆಳೆಯಷ್ಟು. ಹನ್ನೊಂದು ವರ್ಷ ಬೋರ್ಡಿನ ಮೇಲೆ ಬರೆದದ್ದನ್ನು ಮೊದಲ ಸಲ ಕಣ್ಣಾರೆ ಕಂಡೆ.

"ಎಷ್ಟ ಬಂತ್ರೀ ಸರ?"

ಅಳತೆಪಟ್ಟಿಯ ಗೆರೆಗಳನ್ನು ಎಣಿಸಿದೆ. ಸರಿಯೋ ತಪ್ಪೋ ತಿಳಿಯಲಿಲ್ಲ. ಪಕ್ಕದಲ್ಲಿ ಅವಳ ಜರ್ನಲ್ ತೆರೆದಿತ್ತು. ನಾನು ಬೇಕೆಂದು ಮಾಡಲಿಲ್ಲ, ಕಣ್ಣು ತಾನಾಗಿಯೇ ಆ ಕಡೆ ಹೊರಳಿತು.

ಭುವನಾ ಪುಟದ ಮೇಲೆ ಅಂಗೈ ಇಟ್ಟು ಮುಚ್ಚಿದಳು.